ಸರ್ವರಿನೊಳಗಿನ ಪ್ರತಿ ಯಂತ್ರಕ್ಕೂ ಸಾರ್ವಜನಿಕ ವಿಳಾಸ ಬೇಕೇ?

ಕಳೆದ ಕೆಲವು ವರ್ಷಗಳಿಂದ ಸಣ್ಣ ಹಾಗೂ ಮಧ್ಯಮ ಉದ್ಯಮಗಳ ವಾರ್ಷಿಕ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ 'ಸರ್ವರ್ ಬಾಡಿಗೆ' ಎಂಬ ಖಾತೆಯ ಅಡಿಯಲ್ಲಿ ಒಂದು ಹೊಸ ಬಾಬು ಕಾಣಿಸಿಕೊಳ್ಳುತ್ತಿದೆ. 'ಹೆಚ್ಚುವರಿ ಪಬ್ಲಿಕ್ ಐ.ಪಿ. - 5' ಎಂದೋ, 'ಐ.ಪಿ. ಬ್ಲಾಕ್ ಶುಲ್ಕ' ಎಂದೋ ಬಿಲ್ಲಿನಲ್ಲಿ ನಮೂದಾಗಿರುತ್ತದೆ. ಮೊತ್ತ ದೊಡ್ಡದಲ್ಲ. ವೋಚರಿಗೆ ಸಹಿ ಹಾಕುವ ಮಾಲೀಕರು ಅದೇನೆಂದು ವಿಚಾರಿಸುವುದಿಲ್ಲ. ವಿಚಾರಿಸಿದರೂ ಲೆಕ್ಕ ಬರೆಯುವ ಗುಮಾಸ್ತರಿಗೆ ಉತ್ತರ ತಿಳಿದಿರುವುದಿಲ್ಲ. ಹತ್ತು ರೂಪಾಯಿಯ ಚಹಾ ಚೀಟಿಗೂ ವಿವರಣೆ ಕೇಳುವ ನಮ್ಮ ವ್ಯಾಪಾರಸ್ಥರು ಈ ಒಂದು ಬಾಬಿನ ಮುಂದೆ ಮೌನ ವಹಿಸುವುದು ನನಗೆ ಆಶ್ಚರ್ಯವನ್ನುಂಟುಮಾಡಿದೆ. ಶುಲ್ಕ ಅಲ್ಪವಾದರೂ ಅದರೊಂದಿಗೆ ಬರುವ ಹೊಣೆಗಾರಿಕೆ ಅಲ್ಪವಲ್ಲವಾದ್ದರಿಂದ, ತಂತ್ರಜ್ಞನಲ್ಲದ ಒಬ್ಬ ಲೆಕ್ಕಪರಿಶೋಧಕನ ದೃಷ್ಟಿಯಿಂದ ಈ ವಿಷಯವನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಮೊದಲು ಪದಗಳ ಅರ್ಥ. ಒಂದು ಶಕ್ತಿಶಾಲಿ ಸರ್ವರನ್ನು ತಂತ್ರಾಂಶದ ನೆರವಿನಿಂದ ಹಲವು ಗಣಕಯಂತ್ರಗಳಾಗಿ ವಿಭಜಿಸುವುದಕ್ಕೆ ವರ್ಚುಯಲೈಸೇಶನ್ ಎನ್ನುತ್ತಾರೆ. ದೊಡ್ಡ ಗೋದಾಮೊಂದಕ್ಕೆ ನಡುಗೋಡೆ ಕಟ್ಟಿ ನಾಲ್ಕು ಮಳಿಗೆ ಮಾಡಿದಂತೆ. ಹೀಗೆ ಉಂಟಾದ ಪ್ರತಿಯೊಂದು ಮಳಿಗೆಯೂ ಒಂದು ವರ್ಚುಯಲ್ ಮಷೀನ್. ಒಂದರಲ್ಲಿ ಲೆಕ್ಕಪತ್ರದ ತಂತ್ರಾಂಶ, ಇನ್ನೊಂದರಲ್ಲಿ ಅಂಚೆ, ಮತ್ತೊಂದರಲ್ಲಿ ಸಂಸ್ಥೆಯ ಜಾಲತಾಣ, ಮಗದೊಂದರಲ್ಲಿ ಕಾರ್ಮಿಕರ ಹಾಜರಾತಿ. ಈ ವಿದ್ಯೆ ಐ.ಬಿ.ಎಂ. ಕಂಪನಿಯ ದೊಡ್ಡ ಯಂತ್ರಗಳಲ್ಲಿ 1960ರ ದಶಕದಲ್ಲಿಯೇ ಇತ್ತು. 1998ರಲ್ಲಿ ಸ್ಥಾಪನೆಯಾದ ವಿ.ಎಂ.ವೇರ್ ಸಂಸ್ಥೆಯಿಂದಾಗಿ ಸಾಮಾನ್ಯ ಸರ್ವರುಗಳಿಗೆ ಇಳಿದುಬಂತು, 2007ರಲ್ಲಿ ಕೆ.ವಿ.ಎಂ. ಎಂಬ ಭಾಗ ಲಿನಕ್ಸ್‌ನೊಳಗೇ ಸೇರಿದ ನಂತರ ಪರವಾನಗಿ ಶುಲ್ಕವಿಲ್ಲದೆ ಯಾರಿಗಾದರೂ ಲಭ್ಯವಾಯಿತು. ನಾಲ್ಕು ಯಂತ್ರ ಕೊಳ್ಳುವ ಬದಲು ಒಂದನ್ನು ಕೊಂಡು ನಾಲ್ಕಾಗಿಸುವುದು ಉತ್ತಮ ವ್ಯವಹಾರ. ಇದರ ಬಗ್ಗೆ ನನ್ನ ತಕರಾರಿಲ್ಲ.

ಪ್ರಶ್ನೆ ಹುಟ್ಟುವುದು ವಿಳಾಸದ ವಿಷಯದಲ್ಲಿ. ಅಂತರ್ಜಾಲದಲ್ಲಿ ಒಂದು ಯಂತ್ರವನ್ನು ಇನ್ನೊಂದು ಯಂತ್ರ ಹುಡುಕಿಕೊಂಡು ಬರಲು ಸಂಖ್ಯಾರೂಪದ ವಿಳಾಸ ಬೇಕು. ಇದರಲ್ಲಿ ಎರಡು ಬಗೆ. ಜಗತ್ತಿನ ಯಾವ ಮೂಲೆಯಿಂದಲೂ ನೇರವಾಗಿ ತಲುಪಬಹುದಾದದ್ದು ಸಾರ್ವಜನಿಕ ವಿಳಾಸ. 10 ಅಥವಾ 192.168 ಎಂದು ಆರಂಭವಾಗುವಂತಹವು ಖಾಸಗಿ ವಿಳಾಸಗಳು. ಅವು ಒಳಾಂಗಣದ ಬಳಕೆಗೆಂದೇ 1996ರಲ್ಲಿ ಮೀಸಲಾದವು. ನಮ್ಮ ಕಚೇರಿಗಳಲ್ಲಿ ಇ.ಪಿ.ಎ.ಬಿ.ಎಕ್ಸ್. ಪೆಟ್ಟಿಗೆ ಬಂದ ಕಾಲವನ್ನು ಹಿರಿಯ ಸದಸ್ಯರು ನೆನಪಿಸಿಕೊಳ್ಳಬಹುದು. ಹೊರಗಿನವರಿಗೆ ಒಂದೇ ದೂರವಾಣಿ ಸಂಖ್ಯೆ. ಒಳಗೆ 21, 22, 23 ಎಂಬ ಎಕ್ಸ್‌ಟೆನ್ಷನ್‌ಗಳು. ಗೋದಾಮಿನ 23ಕ್ಕೆ ಹೊರಗಿನವನು ನೇರವಾಗಿ ಕರೆ ಮಾಡಲಾರ. ಆಪರೇಟರ್ ಜೋಡಿಸಿದರೆ ಮಾತ್ರ ಮಾತು. ಆದರೆ 23ರಲ್ಲಿರುವವನು ಹೊರಗೆ ಕರೆ ಮಾಡಲು ಅಡ್ಡಿಯಿಲ್ಲ. ಸರ್ವರಿನಲ್ಲಿ ಈ ಆಪರೇಟರನ ಕೆಲಸ ಮಾಡುವ ವ್ಯವಸ್ಥೆಗೆ ನ್ಯಾಟ್ ಎಂದು ಹೆಸರು. ಪ್ರತಿ ವರ್ಚುಯಲ್ ಮಷೀನಿಗೂ ಸಾರ್ವಜನಿಕ ವಿಳಾಸ ಕೊಡುವುದೆಂದರೆ ಪ್ರತಿ ಮೇಜಿಗೂ ನೇರ ಲೈನು ಎಳೆಸಿ, ಆ ಸಂಖ್ಯೆಗಳನ್ನೆಲ್ಲ ಡೈರೆಕ್ಟರಿಯಲ್ಲಿ ಮುದ್ರಿಸಿದಂತೆ.

ಡೈರೆಕ್ಟರಿ ಎಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿಲ್ಲ. ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. ಕೇಳಲು ಅಪಾರವೆನಿಸಿದರೂ 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಝಡ್‌ಮ್ಯಾಪ್ ಎಂಬ ತಂತ್ರಾಂಶ, ಒಂದೇ ಯಂತ್ರದಿಂದ ಇಡೀ ಅಂತರ್ಜಾಲದ ಈ ವಿಳಾಸಗಳ ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ನೋಡಬಲ್ಲದೆಂದು ತೋರಿಸಿಕೊಟ್ಟಿತು. ಯಾವ ವಿಳಾಸದಲ್ಲಿ ಯಾವ ಬಾಗಿಲು ತೆರೆದಿದೆ ಎಂದು ಪಟ್ಟಿಮಾಡಿ ಹುಡುಕಲು ಅನುವು ಮಾಡಿಕೊಡುವ ಶೋಡಾನ್ ಎಂಬ ಸೇವೆ 2009ರಿಂದಲೂ ಇದೆ. 'ನಮ್ಮದು ಸಣ್ಣ ಕಾರ್ಖಾನೆ, ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ' ಎಂಬ ವಾದಕ್ಕೆ ಆದ್ದರಿಂದ ಆಧಾರವಿಲ್ಲ. ಅವರು ನಮ್ಮನ್ನು ಹುಡುಕುತ್ತಿಲ್ಲ; ತೆರೆದ ಬಾಗಿಲನ್ನು ಹುಡುಕುತ್ತಾರೆ. ಒಳಗೆ ಯಾರಿದ್ದಾರೆಂಬುದು ಅವರಿಗೆ ಆಮೇಲಿನ ಮಾತು.

ಒಂದು ಪ್ರಸಂಗ

ನನ್ನ ಕಚೇರಿಗೆ ಲೆಕ್ಕಪತ್ರ ತರುವ ಬಿಡಿಭಾಗ ತಯಾರಿಕೆಯ ಸಂಸ್ಥೆಯೊಂದರಲ್ಲಿ 2022ರ ನವೆಂಬರಿನಲ್ಲಿ ನಡೆದದ್ದನ್ನು ಹೇಳುವುದು ಇಲ್ಲಿ ಪ್ರಸ್ತುತ. ಅವರ ಸರ್ವರಿನಲ್ಲಿ ನಾಲ್ಕು ವರ್ಚುಯಲ್ ಮಷೀನುಗಳಿದ್ದವು. ವ್ಯವಸ್ಥೆ ಮಾಡಿಕೊಟ್ಟ ಗುತ್ತಿಗೆದಾರರು "ಎಲ್ಲಾ ಮಷೀನಿಗೂ ಒಂದೊಂದು ಐ.ಪಿ. ಕೊಟ್ಟಬಿಟ್ರ ತ್ರಾಸ ಇರೂದಿಲ್ರಿ" ಎಂದು ಹೇಳಿ ಹಾಗೆಯೇ ಮಾಡಿದ್ದರು. ಮಾಲೀಕರು ಮನೆಯಿಂದಲೂ, ಊರೂರು ತಿರುಗುವಾಗಲೂ ಲೆಕ್ಕ ನೋಡಬೇಕೆಂದು ಬಯಸಿದ್ದರಿಂದ ಲೆಕ್ಕಪತ್ರದ ಯಂತ್ರದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ ತೆರೆದಿತ್ತು. ಅಂದರೆ 3389 ಎಂಬ ಸಂಖ್ಯೆಯ ಬಾಗಿಲು ಇಡೀ ಜಗತ್ತಿಗೆ ತೆರೆದಿತ್ತು. ನಾಲ್ವರು ನೌಕರರಿಗೂ ಒಂದೇ ಗುಪ್ತಪದ. ಒಂದು ಭಾನುವಾರ ರಾತ್ರಿ ಯಾರೋ ಒಳಹೊಕ್ಕು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಹಣದ ಬೇಡಿಕೆಯ ಪತ್ರವೊಂದನ್ನು ಬಿಟ್ಟುಹೋದರು. ದಿನವಹಿ ಬ್ಯಾಕ್‌ಅಪ್ ಇತ್ತು. ಆದರೆ ಅದು ಅದೇ ಸರ್ವರಿನ ಇನ್ನೊಂದು ವರ್ಚುಯಲ್ ಮಷೀನಿನಲ್ಲಿತ್ತು. ಲೆಕ್ಕದ ಯಂತ್ರಕ್ಕೆ ಅಲ್ಲಿಗೆ ಬರೆಯುವ ಅಧಿಕಾರ ಇದ್ದುದರಿಂದ ಅದೂ ಹೋಯಿತು.

ಮಾಲೀಕರು ಹಣ ಕೊಡಲಿಲ್ಲ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಲೆಕ್ಕವನ್ನು ಪುನಃ ಕಟ್ಟಬೇಕಾಯಿತು. ಯಾವುದು ಮರಳಿ ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದು ಪ್ರತಿಯೊಬ್ಬ ವ್ಯಾಪಾರಸ್ಥರೂ ತಿಳಿದಿರಬೇಕಾದ ಸಂಗತಿ. ಮಾರಾಟದ ವಿವರ ಜಿ.ಎಸ್.ಟಿ.ಆರ್.-1ರಲ್ಲಿ ಸಲ್ಲಿಕೆಯಾಗಿದ್ದರಿಂದ ಸಿಕ್ಕಿತು. ಖರೀದಿಯ ಬಹುಭಾಗ ಜಿ.ಎಸ್.ಟಿ.ಆರ್.-2ಬಿಯಲ್ಲಿ ದೊರೆಯಿತು. ಬ್ಯಾಂಕಿನ ವ್ಯವಹಾರ ಬ್ಯಾಂಕಿನಿಂದಲೇ ಬಂತು. ಸಾಗಣೆಯ ವಿವರಕ್ಕೆ ಇ-ವೇ ಬಿಲ್ಲುಗಳಿದ್ದವು. ಸಿಗದೆ ಹೋದದ್ದು ಇವುಗಳ ನಡುವಣ ಎಳೆಗಳು. ಜಾಬ್‌ವರ್ಕಿಗೆ ಹೊರಗೆ ಕಳುಹಿಸಿದ ಮಾಲಿನ ಚಲನ್‌ಗಳು, ಯಾವ ಗಿರಾಕಿ ಕೊಟ್ಟ ಆನ್-ಅಕೌಂಟ್ ಹಣ ಯಾವ ಬಿಲ್ಲಿಗೆ ಜಮೆಯಾಗಿತ್ತು ಎಂಬ ಹೊಂದಾಣಿಕೆ, ನಗದು ವೋಚರುಗಳು, ಕಚ್ಚಾಮಾಲಿನ ಬಳಕೆಯ ಲೆಕ್ಕ, ನೌಕರರ ಮುಂಗಡ. ಸರ್ಕಾರಕ್ಕೆ ಒಪ್ಪಿಸಿದ್ದೆಲ್ಲ ಉಳಿಯಿತು, ತಮಗಾಗಿ ಬರೆದಿಟ್ಟುಕೊಂಡದ್ದೆಲ್ಲ ಹೋಯಿತು. ಬ್ಯಾಂಕಿಗೆ ತಿಂಗಳಿಗೊಮ್ಮೆ ಕೊಡಬೇಕಾದ ದಾಸ್ತಾನು ತಃಖ್ತೆ ಎರಡು ತಿಂಗಳು ತಡವಾಗಿ, ಡ್ರಾಯಿಂಗ್ ಪವರ್ ಕುಗ್ಗಿ, ಕಬ್ಬಿಣ ಪೂರೈಸುವವರಿಗೆ ಚೆಕ್ಕು ಬರೆಯಲು ಕೈ ತಡೆಯುವ ಸ್ಥಿತಿ ಬಂತು. ಬಾಕಿ ಪೈಕಿ ತಾವು ಆಗಲೇ ಕೊಟ್ಟಿದ್ದೇವೆ ಎಂದ ಗಿರಾಕಿಗಳ ಮಾತನ್ನು ಅಲ್ಲಗಳೆಯಲು ಇವರ ಬಳಿ ಕಾಗದವಿರಲಿಲ್ಲ.

ಆ ನಾಲ್ಕು ಯಂತ್ರಗಳಲ್ಲಿ ಹೊರಗಿನವರಿಗೆ ನಿಜಕ್ಕೂ ಕಾಣಬೇಕಾಗಿದ್ದವು ಎರಡು: ಜಾಲತಾಣ ಮತ್ತು ಅಂಚೆ. ಲೆಕ್ಕಪತ್ರಕ್ಕಾಗಲಿ ಹಾಜರಾತಿಗಾಗಲಿ ಸಾರ್ವಜನಿಕ ವಿಳಾಸದ ಅಗತ್ಯವೇ ಇರಲಿಲ್ಲ. ಇಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರ ಮೇಲೆ ಎಲ್ಲ ತಪ್ಪು ಹೊರಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. 'ಎಲ್ಲಿಂದಲಾದರೂ ತೆರೆಯಬೇಕು, ಖರ್ಚು ಆಗಬಾರದು, ನಾಳೆಯೇ ಆಗಬೇಕು' ಎಂದು ಆದೇಶ ಕೊಟ್ಟರೆ ಅವರು ಮಾಡುವುದು ಇದನ್ನೇ.

ಬೇಕೆನ್ನುವವರ ವಾದ

ಪ್ರತಿ ಯಂತ್ರಕ್ಕೂ ವಿಳಾಸ ಬೇಕೆನ್ನುವವರು ಕೆಲವು ಕಾರಣಗಳನ್ನು ಕೊಡುತ್ತಾರೆ. ಅವುಗಳಲ್ಲಿ ಹಳೆಯದಾದದ್ದು, ಸುರಕ್ಷಿತ ಜಾಲತಾಣ ಒಂದಕ್ಕೆ ಒಂದು ವಿಳಾಸ ಬೇಕೇಬೇಕು ಎಂಬುದು. ಒಂದು ಕಾಲಕ್ಕೆ ಇದು ನಿಜವಿತ್ತು. ಒಂದೇ ವಿಳಾಸದಲ್ಲಿ ಅನೇಕ ತಾಣಗಳ ಪ್ರಮಾಣಪತ್ರವನ್ನು ಗುರುತಿಸುವ ಎಸ್.ಎನ್.ಐ. ಎಂಬ ಕ್ರಮವನ್ನು ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅರಿತಿರಲಿಲ್ಲ. ಆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸಿತು. ಇಂದು ಒಂದೇ ವಿಳಾಸದ ಹಿಂದೆ ಹತ್ತಾರು ತಾಣಗಳನ್ನು, ಬೇರೆ ಬೇರೆ ವರ್ಚುಯಲ್ ಮಷೀನುಗಳಲ್ಲಿದ್ದರೂ, ನಿರಾತಂಕವಾಗಿ ನಡೆಸಬಹುದು. ಕಾರಣ ಹೋಗಿ ಎಷ್ಟೋ ವರ್ಷವಾದರೂ ಅಭ್ಯಾಸ ಉಳಿದುಕೊಂಡಿದೆ. ಕೈಬಿಟ್ಟ ತೆರಿಗೆಯ ನಮೂನೆಯನ್ನು ಕೆಲವು ಕಚೇರಿಗಳಲ್ಲಿ ಇನ್ನೂ ಅಚ್ಚುಹಾಕಿಸುವುದನ್ನು ಕಂಡಿರುವ ನನಗೆ ಇದು ವಿಚಿತ್ರವೆನಿಸುವುದಿಲ್ಲ.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಬ್ಯಾಂಕಿನೊಂದಿಗೆ ಯಂತ್ರದಿಂದ ಯಂತ್ರಕ್ಕೆ ಪಾವತಿ ವ್ಯವಸ್ಥೆ ಮಾಡಿಕೊಳ್ಳುವಾಗ, ಇ-ಇನ್‌ವಾಯ್ಸ್ ಜಾಲಕ್ಕೆ ನೇರ ಸಂಪರ್ಕ ಪಡೆಯುವಾಗ, ದೊಡ್ಡ ಖರೀದಿದಾರರ ವ್ಯವಸ್ಥೆಗೆ ಜೋಡಿಸುವಾಗ ಸ್ಥಿರವಾದ ವಿಳಾಸವನ್ನು ನೋಂದಾಯಿಸಬೇಕಾಗುತ್ತದೆ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೂ ಮೇಲ್ಪಟ್ಟ ವಹಿವಾಟಿನವರಿಗೆಲ್ಲ ಇ-ಇನ್‌ವಾಯ್ಸ್ ಕಡ್ಡಾಯವಾದ ಮೇಲೆ ಈ ಪ್ರಶ್ನೆ ನಮ್ಮ ಅನೇಕ ಸದಸ್ಯರ ಮುಂದೆ ಬಂದಿದೆ. 'ಲೆಕ್ಕದ ಯಂತ್ರವೇ ಇನ್‌ವಾಯ್ಸ್ ಕಳುಹಿಸುತ್ತದೆ, ಆದ್ದರಿಂದ ಅದಕ್ಕೇ ಸಾರ್ವಜನಿಕ ವಿಳಾಸ ಬೇಕು' ಎಂಬ ತೀರ್ಮಾನಕ್ಕೆ ಬಹಳ ಮಂದಿ ಬರುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಅವರು ಕೇಳುತ್ತಿರುವುದು ನಮ್ಮ ಯಂತ್ರ ಹೊರಗೆ ಹೋಗುವಾಗ ಧರಿಸುವ ಗುರುತು. ಹೊರಗಿನವರು ಒಳಬರುವ ಬಾಗಿಲನ್ನಲ್ಲ. ಖಾಸಗಿ ವಿಳಾಸದ ಯಂತ್ರವು ನ್ಯಾಟ್ ಮೂಲಕ ಹೊರಹೋಗುವಾಗ ಸರ್ವರಿನ ಸ್ಥಿರ ವಿಳಾಸವನ್ನೇ ಧರಿಸಿ ಹೋಗುತ್ತದೆ. ಆ ಒಂದನ್ನೇ ನೋಂದಾಯಿಸಿದರಾಯಿತು. ಯಾರ್ಡಿನಿಂದ ಹೊರಡುವ ಲಾರಿಗಳಿಗೆಲ್ಲ ಒಂದೇ ಗೇಟ್‌ಪಾಸಿನ ಮುದ್ರೆ ಇದ್ದಂತೆ. ಮುದ್ರೆ ಇದೆಯೆಂಬ ಕಾರಣಕ್ಕೆ ಪ್ರತಿ ಗೋದಾಮಿಗೂ ರಸ್ತೆಯ ಕಡೆಗೊಂದು ಬಾಗಿಲು ಒಡೆಯಬೇಕಾಗಿಲ್ಲ.

ಮೂರನೆಯದು ಅಂಚೆ. ಇದನ್ನು ನಾನೂ ಒಪ್ಪುತ್ತೇನೆ. ಸ್ವಂತ ಅಂಚೆ ಸರ್ವರ್ ಇಟ್ಟುಕೊಂಡವರು ಅದಕ್ಕೆ ಪ್ರತ್ಯೇಕ ಸಾರ್ವಜನಿಕ ವಿಳಾಸ ಕೊಡಲೇಬೇಕು, ಮತ್ತು ಆ ವಿಳಾಸದಿಂದ ಹೆಸರಿಗೆ ಮರಳುವ ನೋಂದಣಿಯನ್ನು ಬಾಡಿಗೆ ಕೊಟ್ಟ ಸಂಸ್ಥೆಯಿಂದ ಮಾಡಿಸಿಕೊಳ್ಳಬೇಕು. ವಿಳಾಸಗಳಿಗೂ ಪತ್ತು ಇದೆ. ಅನಪೇಕ್ಷಿತ ಪತ್ರ ಕಳುಹಿಸಿದ ವಿಳಾಸಗಳನ್ನು ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳು ಕಪ್ಪುಪಟ್ಟಿಗೆ ಸೇರಿಸುತ್ತವೆ. ಆ ಪಟ್ಟಿಯನ್ನು ನೋಡಿ ಬಹುಪಾಲು ಅಂಚೆ ವ್ಯವಸ್ಥೆಗಳು ಪತ್ರ ತಿರಸ್ಕರಿಸುತ್ತವೆ. ಎಲ್ಲ ಯಂತ್ರಗಳೂ ಒಂದೇ ವಿಳಾಸದಲ್ಲಿದ್ದು, ಜಾಲತಾಣದ ಯಂತ್ರಕ್ಕೆ ರೋಗ ತಗುಲಿ ಅದು ಕಸದ ಪತ್ರ ಕಳುಹಿಸಲಾರಂಭಿಸಿದರೆ, ನಮ್ಮ ಬಿಲ್ಲುಗಳೂ ಗಿರಾಕಿಗಳಿಗೆ ತಲುಪದೆ ಹೋಗುತ್ತವೆ. ಇಲ್ಲಿ ಉಳಿತಾಯ ಸಲ್ಲದು. ಹಾಗೆಯೇ ಬಾಡಿಗೆಗೆ ಪಡೆಯುವ ವಿಳಾಸದ ಹಿಂದಿನ ಬಾಡಿಗೆದಾರ ಹೇಗಿದ್ದ ಎಂಬುದನ್ನು ಕಪ್ಪುಪಟ್ಟಿಗಳಲ್ಲಿ ನೋಡಿಕೊಂಡೇ ಒಪ್ಪಿಕೊಳ್ಳಬೇಕು. ಮಳಿಗೆ ಹಿಡಿಯುವಾಗ ಹಿಂದಿನವರ ಕರೆಂಟ್ ಬಿಲ್ ಬಾಕಿ ವಿಚಾರಿಸುವ ನಮಗೆ ಇದು ಹೊಸದಲ್ಲ.

ಇನ್ನು 'ಮನೆಯಿಂದ ಲೆಕ್ಕ ನೋಡಬೇಕಲ್ಲ' ಎಂಬ ಮಾತು. ಅದಕ್ಕೆ ವಿ.ಪಿ.ಎನ್. ಇದೆ. ಅಧಿಕೃತ ಬಳಕೆದಾರರು ಮೊದಲು ಈ ಖಾಸಗಿ ಸುರಂಗದ ಮೂಲಕ ಒಳಗೆ ಬಂದು, ನಂತರ ಖಾಸಗಿ ವಿಳಾಸದ ಯಂತ್ರವನ್ನು ತೆರೆಯುತ್ತಾರೆ. ಹೊರಗೆ ಕಾಣುವ ಬಾಗಿಲು ಒಂದೇ. ಅದಕ್ಕೂ ಪ್ರತಿಯೊಬ್ಬರಿಗೆ ಪ್ರತ್ಯೇಕ ಕೀಲಿ. ವೈರ್‌ಗಾರ್ಡ್, ಓಪನ್‌ವಿ.ಪಿ.ಎನ್. ಮುಂತಾದವು ಪರವಾನಗಿ ಶುಲ್ಕವಿಲ್ಲದೆ ಸಿಗುತ್ತವೆ. ನಿತ್ಯ ಒಂದು ಗುಂಡಿ ಹೆಚ್ಚು ಒತ್ತಬೇಕಾದೀತು, ನಿಜ. ಗಲ್ಲಾಪೆಟ್ಟಿಗೆಗೂ ನಾವು ನಿತ್ಯ ಬೀಗ ತೆಗೆದು ಹಾಕುತ್ತೇವೆ. ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ತೆರೆದಿಡುವುದರ ಅಪಾಯ ಗುಪ್ತಪದದ ದೌರ್ಬಲ್ಯಕ್ಕೆ ಮಾತ್ರ ಸೀಮಿತವೂ ಅಲ್ಲ. 2019ರ ಮೇ 14ರಂದು ಮೈಕ್ರೋಸಾಫ್ಟ್ ಪ್ರಕಟಿಸಿದ ಬ್ಲೂಕೀಪ್ ಎಂಬ ದೋಷದಲ್ಲಿ ಗುಪ್ತಪದವೇ ಇಲ್ಲದೆ ಒಳನುಗ್ಗಲು ಸಾಧ್ಯವಿತ್ತು. ಅದರ ಗಾಂಭೀರ್ಯ ಎಷ್ಟಿತ್ತೆಂದರೆ ಬೆಂಬಲ ನಿಂತು ಹೋಗಿದ್ದ ಎಕ್ಸ್‌ಪಿಗೂ ಸರ್ವರ್ 2003ಕ್ಕೂ ಕಂಪನಿ ತಿದ್ದುಪಡಿ ಹೊರಡಿಸಬೇಕಾಯಿತು.

ತಜ್ಞರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: ನ್ಯಾಟ್ ಎಂಬುದು ವಿಳಾಸ ಉಳಿತಾಯದ ಉಪಾಯವೇ ಹೊರತು ಕಾವಲಲ್ಲ, ಕಾವಲು ಫೈರ್‌ವಾಲ್‌ನ ಕೆಲಸ ಎಂದು. ಮಾತು ಸರಿ. ಸಾರ್ವಜನಿಕ ವಿಳಾಸವಿದ್ದರೂ ಸರಿಯಾದ ಫೈರ್‌ವಾಲ್ ಇದ್ದರೆ ಯಂತ್ರ ಸುರಕ್ಷಿತ. ಆದರೆ ಫೈರ್‌ವಾಲ್‌ನಲ್ಲಿ ಒಬ್ಬರು ತಪ್ಪು ಮಾಡಿದರೆ ಸಾರ್ವಜನಿಕ ವಿಳಾಸದ ಯಂತ್ರ ತಕ್ಷಣ ಬಯಲಾಗುತ್ತದೆ. ಖಾಸಗಿ ವಿಳಾಸದ ಯಂತ್ರವನ್ನು ಬಯಲು ಮಾಡಬೇಕಾದರೆ ಯಾರಾದರೂ ಉದ್ದೇಶಪೂರ್ವಕವಾಗಿ ದಾರಿ ಮಾಡಿಕೊಡಬೇಕು. ಪೂರ್ಣಾವಧಿ ತಜ್ಞರಿಲ್ಲದ ನಮ್ಮಂತಹ ಉದ್ಯಮಗಳಲ್ಲಿ ಮರೆತರೂ ಮುಚ್ಚಿಯೇ ಇರುವ ವ್ಯವಸ್ಥೆ ಮೇಲು. ಆರನೆಯ ಆವೃತ್ತಿಯ ವಿಳಾಸಗಳ ವಿಷಯದಲ್ಲಿ ಮಾತ್ರ ಈ ತಜ್ಞರ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸಬೇಕು. ಅಲ್ಲಿ ಕೊರತೆಯಿಲ್ಲ, ಸರ್ವರ್ ಬಾಡಿಗೆ ಕೊಡುವ ಅನೇಕ ಸಂಸ್ಥೆಗಳು ಕೋಟ್ಯನುಕೋಟಿ ವಿಳಾಸಗಳ ಒಂದು ಗುಚ್ಛವನ್ನೇ ಉಚಿತವಾಗಿ ಕೊಡುತ್ತವೆ, ಪ್ರತಿ ಯಂತ್ರವೂ ತಾನೇ ತಾನಾಗಿ ಒಂದನ್ನು ಪಡೆದುಕೊಳ್ಳಬಹುದು. ನಾಲ್ಕನೆಯ ಆವೃತ್ತಿಗೆ ಕೋಟೆ ಕಟ್ಟಿ ಆರನೆಯದರ ಹಿತ್ತಿಲ ಬಾಗಿಲು ತೆರೆದಿಟ್ಟ ವ್ಯವಸ್ಥೆಗಳೂ ಉಂಟು. 'ಆರನೆಯ ಆವೃತ್ತಿಗೂ ಫೈರ್‌ವಾಲ್ ನಿಯಮ ಬರೆದಿದ್ದೀರಾ' ಎಂಬ ಒಂದು ಪ್ರಶ್ನೆಯನ್ನು ನಿಮ್ಮ ಗುತ್ತಿಗೆದಾರರಿಗೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಲೆಕ್ಕ ಮತ್ತು ಕಾನೂನು

ವಿಳಾಸಗಳಿಗೆ ಬೆಲೆ ಏಕೆ ಬಂತೆಂಬುದು ನಮಗೆ ಪರಿಚಿತವಾದ ಕಥೆಯೇ. 2011ರ ಫೆಬ್ರುವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಭಾಗಗಳು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಅದೇ ವರ್ಷ ಏಪ್ರಿಲ್ 15ರಂದು ಏಷ್ಯಾ-ಪೆಸಿಫಿಕ್ ಪ್ರದೇಶದ ಎಪ್‌ನಿಕ್ ಸಂಸ್ಥೆ ತನ್ನ ಕಟ್ಟಕಡೆಯ ಕಂತಿಗೆ ಬಂದು ಪಡಿತರ ಪದ್ಧತಿ ಆರಂಭಿಸಿತು. ನಮ್ಮ ದೇಶದಲ್ಲಿ ನಿಕ್ಸಿ ಸಂಸ್ಥೆಯ ಅಂಗವಾದ ಐ.ಆರ್.ಐ.ಎನ್.ಎನ್. ಈ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಕೈಗಾರಿಕಾ ಬಡಾವಣೆಯಲ್ಲಿ ನಿವೇಶನಗಳೆಲ್ಲ ಹಂಚಿಹೋದ ಮೇಲೆ ಕೈಯಿಂದ ಕೈಗೆ ಮಾರಾಟ, ಬಾಡಿಗೆ ಆರಂಭವಾಗುವಂತೆ ಇಲ್ಲಿಯೂ ಆಗಿದೆ. 2024ರ ಫೆಬ್ರುವರಿ 1ರಿಂದ ಅಮೆಜಾನ್‌ನ ಕ್ಲೌಡ್ ಸೇವೆಯು ಪ್ರತಿ ಸಾರ್ವಜನಿಕ ವಿಳಾಸಕ್ಕೆ ಗಂಟೆಗೆ 0.005 ಡಾಲರ್ ವಿಧಿಸಲಾರಂಭಿಸಿತು. ವರ್ಷಕ್ಕೆ 43 ಡಾಲರ್ 80 ಸೆಂಟ್. ಬಳಸದೆ ಇಟ್ಟುಕೊಂಡರೂ ಅಷ್ಟೇ.

ಗುಚ್ಛವಾಗಿ ಕೊಳ್ಳುವವರು ಇನ್ನೊಂದು ಸವಕಳಿಯನ್ನು ಗಮನಿಸಬೇಕು. 8 ವಿಳಾಸಗಳ ಗುಚ್ಛವನ್ನು ಸಾಮಾನ್ಯ ಪದ್ಧತಿಯಲ್ಲಿ ಬಳಸಿದರೆ ಜಾಲದ ಗುರುತಿಗೆ ಒಂದು, ಎಲ್ಲರಿಗೂ ಸಾರುವುದಕ್ಕೆ ಒಂದು, ಹೆಬ್ಬಾಗಿಲಿಗೆ ಒಂದು ಹೋಗಿ ಉಳಿಯುವುದು 5. ಎಂಟಕ್ಕೆ ಹಣ ತೆತ್ತು ಐದನ್ನು ಬಳಸುವುದೆಂದರೆ ಶೇ. 37.5ರಷ್ಟು ನಷ್ಟ. ಆದರೆ ಗುಚ್ಛವನ್ನು ಸರ್ವರಿನ ಮುಖ್ಯ ವಿಳಾಸದ ಕಡೆಗೆ ತಿರುಗಿಸಿ, ಅಲ್ಲಿಂದ ಒಳಗಿನ ಯಂತ್ರಗಳಿಗೆ ಹಂಚುವ ರೂಟೆಡ್ ಪದ್ಧತಿಯಲ್ಲಿ ಎಂಟನ್ನೂ ಬಳಸಲು ಸಾಧ್ಯ. ಎಲ್ಲ ಸಂಚಾರವೂ ಸರ್ವರಿನ ಕಾವಲನ್ನು ಹಾದೇ ಹೋಗುವುದು ಇನ್ನೊಂದು ಲಾಭ. ಬ್ರಿಡ್ಜ್ ಪದ್ಧತಿಯಲ್ಲಿ ಪ್ರತಿ ವರ್ಚುಯಲ್ ಮಷೀನೂ ಡೇಟಾ ಸೆಂಟರಿನ ಜಾಲಕ್ಕೆ ನೇರವಾಗಿ ಮುಖ ತೋರಿಸುತ್ತದೆ. ನೋಂದಾಯಿಸದ ಮ್ಯಾಕ್ ಗುರುತು ಅಲ್ಲಿ ಕಂಡರೆ ಕೆಲವು ಡೇಟಾ ಸೆಂಟರುಗಳು ಸಂಪರ್ಕವನ್ನೇ ತಡೆಯುತ್ತವೆ. 'ವಿಳಾಸ ಕೊಟ್ಟಿದ್ದೇವೆ, ಆದರೆ ಯಂತ್ರ ಓಡುತ್ತಿಲ್ಲ' ಎಂದು ವಾರಗಟ್ಟಲೆ ಅಲೆದಾಡಿದವರ ತೊಂದರೆಯ ಮೂಲ ಅನೇಕ ವೇಳೆ ಇದೇ.

ಒಂದು ಸಣ್ಣ ಅಡ್ಡಮಾತು. ಬಾಡಿಗೆ ವಿಳಾಸವನ್ನು ಆಸ್ತಿಪಟ್ಟಿಯಲ್ಲಿ ತೋರಿಸಬಹುದೇ ಎಂದು ಸದಸ್ಯರೊಬ್ಬರು ನನ್ನನ್ನು ಕೇಳಿದ್ದರು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಅಮೂರ್ತ ಆಸ್ತಿಯೆನಿಸಲು ಅದರ ಮೇಲೆ ನಮ್ಮ ನಿಯಂತ್ರಣ ಇರಬೇಕು. ಬಾಡಿಗೆ ನಿಲ್ಲಿಸಿದರೆ ಹೊರಟುಹೋಗುವ ವಿಳಾಸದಲ್ಲಿ ಅದಿಲ್ಲ. ಅದು ಆದಾಯ ವೆಚ್ಚ. ವಿದೇಶಿ ಕಂಪನಿಯಿಂದ ಸರ್ವರ್ ಮತ್ತು ವಿಳಾಸ ಪಡೆದವರು ರಿವರ್ಸ್ ಚಾರ್ಜ್ ಅಡಿಯಲ್ಲಿ ಐ.ಜಿ.ಎಸ್.ಟಿ.ಯನ್ನು ತಾವೇ ಪಾವತಿಸಬೇಕು ಎಂಬುದನ್ನೂ ಮರೆಯುವಂತಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕಡಿತವಾಗುವ ಮೊತ್ತವಾದ್ದರಿಂದ ಇದು ಮೇಲಿಂದ ಮೇಲೆ ಲೆಕ್ಕ ತಪ್ಪಿಹೋಗುತ್ತದೆ.

ಕಾನೂನಿನ ಹೊಣೆ ಇದಕ್ಕಿಂತ ಭಾರವಾದದ್ದು. ಸೆರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ಸಣ್ಣ ಉದ್ಯಮಗಳಿಗೆ ಕೊಟ್ಟಿದ್ದ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೆ ಮುಗಿಯಿತು. ಮೇಲೆ ಹೇಳಿದ ಸಂಸ್ಥೆಯ ಮಾಲೀಕರಿಗೆ ಈ ನಿಯಮದ ಅಸ್ತಿತ್ವವೇ ತಿಳಿದಿರಲಿಲ್ಲ. ಅದೇ ನಿರ್ದೇಶನಗಳು ಡೇಟಾ ಸೆಂಟರ್ ಮತ್ತು ವರ್ಚುಯಲ್ ಸರ್ವರ್ ಒದಗಿಸುವವರು ಗ್ರಾಹಕರ ಹೆಸರು, ಬಾಡಿಗೆಯ ಅವಧಿ, ಅವರಿಗೆ ಕೊಟ್ಟ ಐ.ಪಿ. ವಿಳಾಸಗಳನ್ನು 5 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇಟ್ಟುಕೊಳ್ಳಬೇಕೆಂದು ವಿಧಿಸುತ್ತವೆ. ಇದರ ಅರ್ಥ ಸ್ಪಷ್ಟ. ನಿಮ್ಮ ಐದು ವಿಳಾಸಗಳ ಪೈಕಿ ಯಾರೂ ನೋಡಿಕೊಳ್ಳದ ಒಂದು ಯಂತ್ರವನ್ನು ಪರರು ವಶಪಡಿಸಿಕೊಂಡು ಅಲ್ಲಿಂದ ಇನ್ನೊಬ್ಬರ ಮೇಲೆ ದಾಳಿ ಮಾಡಿದರೆ, ದಾಖಲೆಯಲ್ಲಿ ಸಿಗುವ ಹೆಸರು ನಿಮ್ಮದು. ಮೊದಲು ವಿಚಾರಣೆಗೆ ಬರುವುದೂ ನಿಮ್ಮ ಬಳಿಗೇ.

ಕಂಪನಿಯಾಗಿ ನೋಂದಾಯಿತರಾದವರಿಗೆ ಇನ್ನೆರಡು ಅಂಶಗಳಿವೆ. 2022ರ ಆಗಸ್ಟ್‌ನ ತಿದ್ದುಪಡಿಯಿಂದ ಲೆಕ್ಕಪುಸ್ತಕಗಳ ಬ್ಯಾಕ್‌ಅಪ್ ಭಾರತದೊಳಗಿರುವ ಸರ್ವರಿನಲ್ಲಿ ದಿನವಹಿ ಇರಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಯಾರು, ಯಾವಾಗ, ಯಾವುದನ್ನು ತಿದ್ದಿದರೆಂಬ ಆಡಿಟ್ ಟ್ರೇಲ್ ಇರಬೇಕು. ಅದರ ಬಗ್ಗೆ ಲೆಕ್ಕಪರಿಶೋಧಕರು ವರದಿಯಲ್ಲಿ ಹೇಳಲೇಬೇಕು. ನಾಲ್ವರು ಒಂದೇ ಗುಪ್ತಪದದಿಂದ ಬಯಲಿಗೆ ತೆರೆದ ಯಂತ್ರವನ್ನು ಪ್ರವೇಶಿಸುತ್ತಿದ್ದರೆ ಆ ದಾಖಲೆಯಲ್ಲಿ 'ಅಡ್ಮಿನ್' ಎಂಬ ಒಂದೇ ಹೆಸರು ಇರುತ್ತದೆ. ತಿದ್ದಿದವರು ಗುಮಾಸ್ತರೋ, ಮಾಲೀಕರೋ, ಹೊರಗಿನವರೋ ಎಂದು ಹೇಳಲಾಗದ ಟ್ರೇಲ್‌ನ ಮೇಲೆ ಸಹಿ ಹಾಕಲು ನನ್ನ ವೃತ್ತಿಬಾಂಧವರು ಹಿಂಜರಿದರೆ ಅದಕ್ಕೆ ಬೇಸರಿಸಬಾರದು.

ನನ್ನ ಸಲಹೆ ಸರಳವಾದದ್ದು. ಮುಂದಿನ ನವೀಕರಣದ ಬಿಲ್ಲು ಬಂದಾಗ ಒಂದು ಹಾಳೆಯಲ್ಲಿ ಪ್ರತಿ ಸಾರ್ವಜನಿಕ ವಿಳಾಸದ ಮುಂದೆ ಯಂತ್ರದ ಹೆಸರು, ಹೊರಗಿನ ಯಾರು ಅದನ್ನು ತಲುಪಬೇಕು, ಯಾವ ಬಾಗಿಲು ತೆರೆದಿದೆ, ಜವಾಬ್ದಾರಿ ಯಾರದು ಎಂದು ಗುತ್ತಿಗೆದಾರರಿಂದ ಬರೆಸಿಕೊಳ್ಳಿ. 'ಹೊರಗಿನ ಯಾರು' ಎಂಬ ಅಂಕಣ ಖಾಲಿ ಉಳಿದ ವಿಳಾಸಗಳನ್ನು ಹಿಂದಿರುಗಿಸಿ. ನಮ್ಮ ವಾಣಿಜ್ಯ ಸಂಸ್ಥೆಯು ಇಂತಹ ಹಾಳೆಯ ಒಂದು ಮಾದರಿಯನ್ನೂ, ಸರ್ವರ್ ಒಪ್ಪಂದಕ್ಕೆ ಲಗತ್ತಿಸಬಹುದಾದ ಷರತ್ತುಗಳನ್ನೂ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಉಪಕಾರವಾಗುತ್ತದೆ. ಬಾಡಿಗೆ ಕರಾರಿನ ಮಾದರಿ ಕೊಡುವ ನಾವು ಇದನ್ನೂ ಕೊಡಬಹುದು.

ಹಿಂದಿರುಗಿಸುವಾಗ ಮಾತ್ರ ಒಂದು ಕ್ರಮವಿದೆ. ವಿಳಾಸ ಬಿಟ್ಟುಕೊಟ್ಟ ಮೇಲೆ ಅದು ಬೇರೊಬ್ಬರಿಗೆ ಹೋಗುತ್ತದೆ. ನಮ್ಮ ಜಾಲನಾಮದ ದಾಖಲೆ ಇನ್ನೂ ಅದನ್ನೇ ತೋರಿಸುತ್ತಿದ್ದರೆ ನಮ್ಮನ್ನು ಹುಡುಕಿಕೊಂಡು ಬಂದ ಗಿರಾಕಿ ಆ ಅಪರಿಚಿತರ ಯಂತ್ರಕ್ಕೆ ಹೋಗಿ ನಿಲ್ಲುತ್ತಾರೆ; ಬ್ಯಾಂಕಿನಲ್ಲಿಯೋ ಇ-ಇನ್‌ವಾಯ್ಸ್ ಜಾಲದಲ್ಲಿಯೋ ಆ ವಿಳಾಸ ನಮ್ಮ ಹೆಸರಿನಲ್ಲಿ ನೋಂದಣಿಯಾಗಿ ಉಳಿದಿದ್ದರೆ ನಮ್ಮ ಗುರುತು ಅವರ ಕೈಯಲ್ಲಿ ಉಳಿಯುತ್ತದೆ. ಮೊದಲು ಜಾಲನಾಮದ ದಾಖಲೆಯಿಂದ, ನಂತರ ಬ್ಯಾಂಕ್ ಮತ್ತು ಸರ್ಕಾರಿ ಜಾಲಗಳ ನೋಂದಣಿಯಿಂದ ಅದನ್ನು ತೆಗೆಸಿ, ಲಿಖಿತ ದೃಢೀಕರಣ ಕೈಸೇರಿದ ಮೇಲೆಯೇ ವಿಳಾಸವನ್ನು ಬಿಟ್ಟುಕೊಡತಕ್ಕದ್ದು.